ಸಿದ್ಧಕಟ್ಟೆಯ ಸೀಮೆಯಲ್ಲಿ ದನಿಯ ಕಹಳೆಗಳು

ಬಂಟ್ವಾಳದಿಂದ ಮೂಡುಬಿದಿರೆಗೆ ಹೋಗುವ ದಾರಿಯಲ್ಲಿ ಸಿಗುವ ಊರು ಸಿದ್ಧಕಟ್ಟೆ. ತೋಟ, ಗದ್ದೆ, ಗುಡ್ಡಗಳ ನಡುವಿನ ಈ ಊರಿನ ಹೆಸರು ಕಲಾವಿದ ಸಿದ್ಧಕಟ್ಟೆ ಚೆನ್ನಪ್ಪ ಶೆಟ್ಟರಿಂದಾಗಿ ಯಕ್ಷಗಾನ ಪ್ರಿಯರಿಗೆ ಪರಿಚಿತ. ದೀಪಾವಳಿ ಕಳೆದು ಮೇಳಗಳು ತಿರುಗಾಟಕ್ಕೆ ಹೊರಟವೆಂದರೆ ಪತ್ತನಾಜೆಯವರೆಗೂ ಈ ಸೀಮೆಯಲ್ಲಿ ಬಯಲಾಟ, ನೇಮ, ಕಂಬಳಗಳ ಸುಗ್ಗಿ. ಹೊಕ್ಕಾಡಿಗೋಳಿಯ ವೀರ-ವಿಕ್ರಮ ಕಂಬಳವೂ ಇತ್ತ ಕಡೆಯದೇ.

ಹಿಂದೆಲ್ಲ ಇವುಗಳ ಸುದ್ದಿಯನ್ನು ಊರಿಗೆ ಮುಟ್ಟಿಸುತ್ತಿದ್ದುದು ತೆಂಗಿನ ಮರಕ್ಕೋ ಅಡಿಕೆ ಕಂಬಕ್ಕೋ ಕಟ್ಟಿದ ಕಹಳೆಯಾಕಾರದ ಧ್ವನಿವರ್ಧಕ. ಈಗ ಅನೇಕ ಕಡೆ ಆ ಜಾಗಕ್ಕೆ ಕಪ್ಪು ಪೆಟ್ಟಿಗೆಗಳು ಬಂದಿವೆ. ಹಳೆಯವು ಅಟ್ಟ ಸೇರಿವೆ. ಇಲ್ಲವೇ ಲೋಹದ ತೂಕದ ಲೆಕ್ಕದಲ್ಲಿ ಗುಜರಿಗೆ ಹೋಗುತ್ತಿವೆ. ಹೀಗೆ ಹೋಗುವುದರಲ್ಲಿ ಒಳ್ಳೆಯ ಮಾಲೂ ಇರುತ್ತದೆ.

ಕಹಳೆಯ ಗುಟ್ಟು

ಇದರಲ್ಲಿ ಎರಡು ಭಾಗ. ಹಿಂದಿರುವುದು ಯೂನಿಟ್, ಮುಂದಿರುವುದು ಹಾರ್ನ್. ಯೂನಿಟ್ಟಿನೊಳಗೆ ಅಯಸ್ಕಾಂತದ ಸಂದಿಯಲ್ಲಿ ತಂತಿಯ ಸುರುಳಿ, ಅದಕ್ಕೆ ಅಂಟಿದ ತೆಳುಪೊರೆ. ಸುರುಳಿಯಲ್ಲಿ ವಿದ್ಯುತ್ ಹರಿದಂತೆ ಪೊರೆ ಕಂಪಿಸುತ್ತದೆ. ಕ್ರಮೇಣ ಅಗಲವಾಗುವ ಹಾರ್ನ್ ಆ ಪುಟ್ಟ ಕಂಪನವನ್ನು ಹೊರಗಿನ ಗಾಳಿಗೆ ಸೋರದಂತೆ ದಾಟಿಸುತ್ತದೆ. ಸಾಮಾನ್ಯ ಕಾಗದದ ಸ್ಪೀಕರ್ ತನಗೆ ಸಿಕ್ಕ ವಿದ್ಯುತ್ತಿನಲ್ಲಿ ನೂರಕ್ಕೆ ಒಂದೆರಡು ಪಾಲನ್ನಷ್ಟೇ ಶಬ್ದವಾಗಿಸಿದರೆ, ಒಳ್ಳೆಯ ಹಾರ್ನ್ ಅದರ ಹಲವು ಪಟ್ಟು ಮಾಡಬಲ್ಲದು. ಸಣ್ಣ ಆಂಪ್ಲಿಫೈಯರಿನಿಂದಲೇ ದನಿ ಗದ್ದೆ ದಾಟಿ ಗುಡ್ಡ ಹತ್ತುತ್ತಿದ್ದುದು ಹೀಗೆ. ಭಾಗವತರ ಪದ, ಚೆಂಡೆಯ ಪೆಟ್ಟು ಇದರಲ್ಲಿ ಸ್ಪಷ್ಟ. ಮದ್ದಳೆಯ ತಗ್ಗು ನಾದ ಮಾತ್ರ ಸೊರಗುತ್ತದೆ.

1915ರ ಡಿಸೆಂಬರಿನಲ್ಲಿ ಜೆನ್ಸನ್ ಮತ್ತು ಪ್ರಿಡ್‌ಹ್ಯಾಮ್ ಎಂಬಿಬ್ಬರು ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಇಂಥ ಸಾಧನದಿಂದ ಭಾರೀ ಜನಸ್ತೋಮಕ್ಕೆ ಸಂಗೀತ ಕೇಳಿಸಿದರು. 1926ರಲ್ಲಿ ವಾಕ್ಚಿತ್ರಗಳಿಗಾಗಿ ಬಂದ ವೆಸ್ಟರ್ನ್ ಎಲೆಕ್ಟ್ರಿಕ್ 555 ಯೂನಿಟ್ಟನ್ನು ಸಂಗ್ರಾಹಕರು ಇಂದಿಗೂ ಹುಡುಕಿಕೊಂಡು ಹೋಗುತ್ತಾರೆ. ನಮ್ಮ ಹಳ್ಳಿಗಳಲ್ಲಿ ಮನೆಮಾತಾದ ಅಹುಜಾ ಸಂಸ್ಥೆ ಆರಂಭವಾದದ್ದು 1940ರಲ್ಲಿ.

ಗುರುತಿಸುವುದು ಹೇಗೆ?

ಮೊದಲು ಯೂನಿಟ್ಟಿನ ಚೀಟಿ ನೋಡಿ: ತಯಾರಕರ ಹೆಸರು, ವ್ಯಾಟ್, ಓಮ್ ಅದರಲ್ಲಿರುತ್ತವೆ. ಮತ್ತೆ ಅಯಸ್ಕಾಂತ. ಚಪ್ಪಟೆಯಾದ ಕಪ್ಪು ಬಳೆಯಂತಿದ್ದರೆ ಫೆರೈಟ್. ಕಿರಿದಾಗಿ, ಕಬ್ಬಿಣದ ಕವಚದೊಳಗೆ ಅಡಗಿದ್ದರೆ ಆಲ್ನಿಕೋ ಇರಬಹುದು. ಅಲ್ಯೂಮಿನಿಯಂ, ನಿಕಲ್, ಕೋಬಾಲ್ಟ್‌ಗಳ ಮಿಶ್ರಣವಿದು. 1970ರ ದಶಕದ ಕೊನೆಗೆ ಕೋಬಾಲ್ಟ್ ಬೆಲೆ ಏರಿದ್ದರಿಂದ ಹೆಚ್ಚಿನ ತಯಾರಕರು ಫೆರೈಟಿಗೆ ಹೊರಳಿದರು. ಹೀಗಾಗಿ ಆಲ್ನಿಕೋ ಸಿಕ್ಕರೆ ವಯಸ್ಸಿನ ಸುಳಿವೂ ಸಿಕ್ಕಂತೆ. ಕೊನೆಗೆ ಮಲ್ಟಿಮೀಟರ್ ಹಿಡಿಯಿರಿ. 16 ಓಮಿನ ಯೂನಿಟ್ ಅದಕ್ಕಿಂತ ತುಸು ಕಡಿಮೆ ತೋರಿಸಿದರೆ ಸುರುಳಿ ಕಡಿದಿಲ್ಲವೆಂದು ತಿಳಿಯಬಹುದು. ಕಡಿದಿದ್ದರೂ ನಿರಾಸೆ ಬೇಡ. ಅನೇಕ ಯೂನಿಟ್ಟುಗಳಿಗೆ ಹೊಸ ಪೊರೆ ಹಾಕಬಹುದು.

ಪೋಷಕರು ಒಂದು ವಿಷಯದಲ್ಲಿ ಎಚ್ಚರ ವಹಿಸಬೇಕು. ಹಳೆಯ ಆಂಪ್ಲಿಫೈಯರಿನ ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪ್ಯಾಸಿಟರುಗಳಲ್ಲಿ ಅಪಾಯಕರ ವಿದ್ಯುತ್ ಉಳಿದಿರಬಹುದು. ಅದನ್ನು ತಿಳಿದವರೇ ಬಿಚ್ಚಲಿ.

ಕೇಳುವ ಸುಖಕ್ಕೆ ದೊಡ್ಡ ದನಿ ಬೇಕಿಲ್ಲ. ತಾಳಮದ್ದಳೆಯ ಧ್ವನಿಮುದ್ರಣವೊಂದನ್ನು ಸಣ್ಣಗೆ ಹಾಕಿ ನಾಲ್ಕು ಮಾರು ದೂರ ನಿಂತರೆ ಅರ್ಥಧಾರಿಯ ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ ಕಿವಿಗೆ ಬೀಳುತ್ತದೆ. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ ಹಾಕಿವೆ. ಓದುವ ಮಕ್ಕಳಿರುವ, ರೋಗಿಗಳಿರುವ ನೆರೆಮನೆಯನ್ನು ನೆನೆದರೆ ಈ ಮಿತಿ ನ್ಯಾಯವೇ.

ಹತ್ತನೆಯ ತರಗತಿಯ ವಿಜ್ಞಾನದಲ್ಲಿ ವಿದ್ಯುತ್ತಿನ ಕಾಂತೀಯ ಪರಿಣಾಮದ ಪಾಠವಿದೆ. ಅದನ್ನು ಕೈಯಲ್ಲಿ ಹಿಡಿದು ಕಲಿಯಲು ಇದಕ್ಕಿಂತ ಒಳ್ಳೆಯ ಸಾಧನ ಬೇಕೆ? ಗುಜರಿಯವನು ಅಂಗಳಕ್ಕೆ ಬರುವ ಮೊದಲೇ ಮನೆಯ ಅಟ್ಟವನ್ನೂ ಶಾಲೆಯ ಸಾಮಾನು ಕೋಣೆಯನ್ನೂ ಒಮ್ಮೆ ಹುಡುಕಿ ನೋಡಿ.