ಕಡಲೆಕಾಯಿ ಪರಿಷೆಗೆ ಹೋದ ತಾಯಿ

ಕಾರ್ತಿಕ ಮಾಸದ ಕೊನೆಯ ಸೋಮವಾರ ಬಂದಿತೆಂದರೆ ಬೆಂಗಳೂರಿನ ಬಸವನಗುಡಿಗೆ ಬೇರೊಂದು ಕಳೆ ಬರುತ್ತದೆ. ರಾಮಕೃಷ್ಣ ಆಶ್ರಮದ ಕಡೆಯಿಂದ ದೊಡ್ಡ ಬಸವಣ್ಣನ ಗುಡಿಯವರೆಗೆ ರಸ್ತೆಯ ಎರಡು ಮಗ್ಗುಲಲ್ಲಿಯೂ ಗೋಣಿತಾಟು ಹಾಸಿ ಕಡಲೆಕಾಯಿಯ ರಾಶಿಗಳನ್ನು ಸುರಿದಿರುತ್ತಾರೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರುಗಳಿಂದ ಮಾತ್ರವಲ್ಲ, ಆಂಧ್ರ ಮತ್ತು ತಮಿಳುನಾಡುಗಳಿಂದಲೂ ಮಾರುವವರು ಬಂದು ಬೀಡುಬಿಡುತ್ತಾರೆ. ಹಸಿಯದು, ಹುರಿದದ್ದು, ಬೇಯಿಸಿದ್ದು: ಬೇಕಾದುದನ್ನು ಸೇರಿನಲ್ಲಿ ಅಳೆದು, ಮೇಲೊಂದು ಹಿಡಿ ಕೊಸರು ಹಾಕದೆ ಕಳುಹಿಸುವವರು ವಿರಳ.

ಇಂತಹ ಒಂದು ಸಂಜೆ, ಏಳು ವರ್ಷದ ಮಗನ ಕೈ ಹಿಡಿದು, ವೃದ್ಧೆಯಾದ ಅತ್ತೆಯನ್ನು ಮುಂದೆ ಬಿಟ್ಟುಕೊಂಡು, ಜಯನಗರದ ಗೃಹಿಣಿಯೊಬ್ಬಳು ಆ ಜನಜಂಗುಳಿಯನ್ನು ಹೊಕ್ಕಳು. ಆಕೆಯ ಮುಖದಲ್ಲಿ ಉತ್ಸಾಹಕ್ಕಿಂತ ಅಳುಕೇ ಹೆಚ್ಚಾಗಿದ್ದಿತು. ಅದಕ್ಕೆ ಕಾರಣವೂ ಇದ್ದಿತು. ಆಕೆಯ ತಂದೆ ಸಿಹಿಮೂತ್ರದ ರೋಗದಿಂದ ಒಂದು ಪಾದವನ್ನು ಕಳೆದುಕೊಂಡು, ಎರಡು ವರ್ಷ ಹಾಸಿಗೆ ಹಿಡಿದು ತೀರಿಕೊಂಡಿದ್ದರು. ಅಂದಿನಿಂದ ಆಕೆಯ ಅಡುಗೆಮನೆಯಲ್ಲಿ ಸಕ್ಕರೆಯ ಡಬ್ಬಿಗೆ ಸ್ಥಳವಿರಲಿಲ್ಲ. ಯುಗಾದಿಗೆ ಒಬ್ಬಟ್ಟಿಲ್ಲ, ಗೌರಿಹಬ್ಬಕ್ಕೆ ಕಡುಬಿಲ್ಲ, ಮಗನ ಹುಟ್ಟುಹಬ್ಬಕ್ಕೆ ಹೆಚ್ಚಿದ ಹಣ್ಣು ಮಾತ್ರ. ಅತ್ತೆ ಮಾತನಾಡದೆ ಸಹಿಸಿದ್ದರು.

ಆ ವರ್ಷದ ದೀಪಾವಳಿಯಲ್ಲಿ ಪಕ್ಕದ ಮನೆಯವರು ಹಬ್ಬ ಮಾಡಲಿಲ್ಲ. ಅವರ ಮನೆಯಲ್ಲಿ ಹಿರಿಯರು ತೀರಿಕೊಂಡು ವರ್ಷ ತುಂಬಿರಲಿಲ್ಲ. ಅಜ್ಜಿಯಿಂದ ಅದನ್ನು ತಿಳಿದ ಹುಡುಗ ಒಳಗೆ ಬಂದು, “ಅಮ್ಮ, ನಮ್ಮ ಮನೆಯಲ್ಲಿಯೂ ಪ್ರತಿ ವರ್ಷ ಯಾರಾದರೂ ಸಾಯುತ್ತಾರೆಯೆ?” ಎಂದು ಕೇಳಿದನು. ತಾಯಿಗೆ ಉತ್ತರ ಹೊಳೆಯಲಿಲ್ಲ. ಪರಿಷೆಗೆ ಹೊರಡುವ ನಿರ್ಧಾರವಾದುದು ಆ ರಾತ್ರಿಯೇ.

ಮೊದಲು ಬಸವಣ್ಣನ ದರ್ಶನ. ಒಂದೇ ಬಂಡೆಯಲ್ಲಿ ಕಡೆದ ಆ ನಂದಿ ಸುಮಾರು 15 ಅಡಿ ಎತ್ತರ, 20 ಅಡಿ ಉದ್ದ. ಬೆಂಗಳೂರನ್ನು ಕಟ್ಟಿದ ಕೆಂಪೇಗೌಡರ ಕಾಲದ ಗುಡಿಯೆಂದು ಪ್ರತೀತಿ. ಸುತ್ತಲ ಸುಂಕೇನಹಳ್ಳಿ, ಮಾವಳ್ಳಿ, ಗವಿಪುರಗಳ ರೈತರ ಕಡಲೆಕಾಯಿ ಬೆಳೆಯನ್ನು ಬಸವನೊಂದು ಮೇಯುತ್ತಿದ್ದಿತೆಂದೂ, ಮೊದಲ ಫಸಲನ್ನು ಅರ್ಪಿಸುವೆವೆಂದು ರೈತರು ಹರಕೆ ಹೊತ್ತರೆಂದೂ ಅಜ್ಜಿ ಮೊಮ್ಮಗನಿಗೆ ಹೇಳಿದರು. ಬಸವಣ್ಣ ಬೆಳೆಯುತ್ತಲೇ ಹೋದುದರಿಂದ ನೆತ್ತಿಯ ಮೇಲೆ ತ್ರಿಶೂಲವನ್ನು ನೆಟ್ಟು ನಿಲ್ಲಿಸಿದರೆಂಬ ಕಥೆ ಹುಡುಗನಿಗೆ ಬಹಳ ಹಿಡಿಸಿತು. “ಅಷ್ಟು ಕಡಲೆಕಾಯಿ ತಿಂದರೆ ಬೆಳೆಯದೆ ಇರುತ್ತದೆಯೆ?” ಎಂದು ಅವನೇ ತೀರ್ಮಾನವಿತ್ತನು.

ಹುಡುಗನ ಮಾತಿನಲ್ಲಿ ಸತ್ಯಾಂಶವಿಲ್ಲದಿಲ್ಲ. 100 ಗ್ರಾಂ ಒಣ ಕಡಲೆಬೀಜದಲ್ಲಿ ಸುಮಾರು 25 ಗ್ರಾಂ ಸಸಾರಜನಕವಿದೆ; ಜೊತೆಗೆ 560ಕ್ಕೂ ಮಿಕ್ಕ ಕ್ಯಾಲೊರಿಗಳಿವೆ. ಆದುದರಿಂದ ಹಿಡಿಯಷ್ಟು ಹಿತ, ಸೇರಿನಷ್ಟು ಅತಿ. ಬೂಷ್ಟು ಹಿಡಿದುದನ್ನು, ಕಹಿಯಾದುದನ್ನು ಉಗುಳಿಬಿಡಬೇಕು. ಐದು ವರ್ಷದೊಳಗಿನ ಮಕ್ಕಳಿಗೆ ಇಡೀ ಬೀಜವನ್ನು ಕೊಡಬಾರದು. ಗಂಟಲಿಗೆ ಸಿಕ್ಕಿಕೊಳ್ಳುವ ಅಪಾಯವಿದೆ. ಇವೆಲ್ಲವೂ ತಾಯಿಗೆ ಕಂಠಪಾಠವಾಗಿದ್ದುವು. ಬೆಂದ ಕಾಯಿಯ ನೀರಿಗೆ ಎಷ್ಟು ಉಪ್ಪು ಹಾಕಿದ್ದಾರೆಂದು ಮಾರುವವಳನ್ನು ಕೇಳಿಯೂ ಕೇಳಿದಳು. “ತಿಂದು ನೋಡವ್ವ” ಎಂದು ಆಕೆ ಎರಡು ಕಾಯಿಗಳನ್ನು ಅಂಗೈಗಿತ್ತಳು.

ಆ ಬಿಸಿ ಕಾಯಿಯನ್ನು ಬಿಡಿಸಿದೊಡನೆ ತಾಯಿಗೆ ತನ್ನ ತಂದೆಯ ನೆನಪಾಯಿತು. ಚಾಮರಾಜಪೇಟೆಯಿಂದ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಇದೇ ಪರಿಷೆಗೆ ಅವರು ನಡೆದು ಬರುತ್ತಿದ್ದರು. ಒಂದು ಪೊಟ್ಟಣ ಕಾಯಿ, ನಾಲ್ಕು ಬತ್ತಾಸು. ಮತ್ತೆ ನಡೆದೇ ಮನೆ. ಅವರನ್ನು ಕೆಡಿಸಿದುದು ಆ ನಾಲ್ಕು ಬತ್ತಾಸೆ? ದಿನಕ್ಕೆ ಆರು ಲೋಟ ಸಕ್ಕರೆ ಕಾಫಿ, ಕುರ್ಚಿ ಬಿಟ್ಟೇಳದ ಗುಮಾಸ್ತೆಗಿರಿ, ವೈದ್ಯರ ಮಾತನ್ನು ಮುಂದೂಡುತ್ತ ಬಂದ ವರ್ಷಗಳು ಆಕೆಯ ಕಣ್ಣಮುಂದೆ ಸುಳಿದುವು. ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ಪ್ರಕಟಿಸಿದ ಸಲಹೆಯೂ ದಿನದ ಒಟ್ಟು ಕ್ಯಾಲೊರಿಯಲ್ಲಿ ಬೆರೆಸಿದ ಸಕ್ಕರೆ ನೂರಕ್ಕೆ 10ಕ್ಕಿಂತ ಕಡಮೆಯಿರಲಿ, 5ಕ್ಕಿಂತ ಕಡಮೆಯಾದರೆ ಮತ್ತೂ ಲೇಸು ಎನ್ನುತ್ತದೆ. ಅದು ನಿತ್ಯದ ರೂಢಿಗೆ ಹಾಕಿದ ಕಟ್ಟು. ಹಬ್ಬವನ್ನು ಬಿಡಿರೆಂದು ಅದು ಹೇಳುವುದಿಲ್ಲ.

ಬತ್ತಾಸಿನ ಅಂಗಡಿಯ ಮುಂದೆ ಹುಡುಗ ನಿಂತನು. ಕೇಳಲಿಲ್ಲ, ಕೇಳಿ ಅಭ್ಯಾಸವಿರಲಿಲ್ಲ. ತಾಯಿ ತಾನಾಗಿಯೇ ಕೊಂಡುಕೊಟ್ಟಳು. ಅವನು ಒಂದನ್ನು ತಿಂದು, ಇನ್ನೊಂದನ್ನು ಮುರಿದು ಅರ್ಧವನ್ನು ತಾಯಿಯ ಬಾಯಿಗಿಟ್ಟನು. ಆಕೆ ಬೇಡವೆನ್ನಲಿಲ್ಲ. ಅತ್ತೆ ಮುಖವನ್ನು ಬೇರೆ ಕಡೆಗೆ ತಿರುಗಿಸಿಕೊಂಡು ಸೆರಗಿನಿಂದ ಕಣ್ಣೊರೆಸಿಕೊಂಡರು.

ಮನೆಗೆ ಮೂವರೂ ನಡೆದೇ ಹೊರಟರು. ಹುಡುಗನ ಜೇಬಿನ ತುಂಬ ಕಾಯಿಯ ಸಿಪ್ಪೆ. “ಸಂಕ್ರಾಂತಿಗೆ ಇನ್ನೆಷ್ಟು ದಿನವಮ್ಮ?” ಎಂದನು. ತಾಯಿ ಬೆರಳೆಣಿಸಿ ಹೇಳಿದಳು. ಆಮೇಲೆ ಅತ್ತೆಯ ಕಡೆ ತಿರುಗಿ, ಸಕ್ಕರೆ ಅಚ್ಚಿನ ಮರದ ಹಲಗೆಗಳು ಅಟ್ಟದ ಮೇಲೆ ಇನ್ನೂ ಇವೆಯೆ ಎಂದು ಮೆಲ್ಲನೆ ವಿಚಾರಿಸಿದಳು.