ಹಿರಿಯರ ಲಸಿಕೆ ಮತ್ತು ವೈದ್ಯರ ಮೌನ

ಭಾರತದಲ್ಲಿ 1985ರಲ್ಲಿ ಆರಂಭವಾದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮವು ಮಕ್ಕಳು ಹಾಗೂ ಗರ್ಭಿಣಿಯರನ್ನೇ ಕೇಂದ್ರವಾಗಿಟ್ಟುಕೊಂಡು ಬೆಳೆದುದರಿಂದ, ಲಸಿಕೆಯೆಂದರೆ ಎಳೆಯರದ್ದೆಂಬ ಭಾವನೆ ಜನರಲ್ಲಷ್ಟೇ ಅಲ್ಲದೆ ವೈದ್ಯರು, ದಾದಿಯರಲ್ಲಿಯೂ ಬೇರೂರಿದೆ. 2021ರ ಮಾರ್ಚ್‌ನಲ್ಲಿ 60 ದಾಟಿದವರಿಗೆ ಕೋವಿಡ್ ಲಸಿಕೆ ದೊರೆತಾಗ ಆ ಭಾವನೆ ಕೊಂಚ ಸಡಿಲಗೊಂಡಿತಾದರೂ, ವಯಸ್ಸಾದಂತೆ ರೋಗನಿರೋಧಕ ಶಕ್ತಿಗೂ ಮುಪ್ಪಡರುತ್ತದೆ, ಅಂದರೆ ಸೋಂಕನ್ನು ಗುರುತಿಸಿ ಎದುರಿಸುವ ದೇಹದ ಸಾಮರ್ಥ್ಯ ಕುಗ್ಗುತ್ತದೆ ಎಂಬ ಓದಿನ ತಿಳಿವಳಿಕೆ ಚಿಕಿತ್ಸೆಯ ರೂಢಿಯಾಗಿ ಮಾರ್ಪಟ್ಟಿಲ್ಲ. ರಕ್ತದೊತ್ತಡವನ್ನು ತಪ್ಪದೆ ಅಳೆಯುವ ವೈದ್ಯರು ಫ್ಲೂ, ಸರ್ಪಸುತ್ತು ಮತ್ತು ನ್ಯುಮೋಕಾಕಸ್ ಎಂಬ ಬ್ಯಾಕ್ಟೀರಿಯಾ ತರುವ ನ್ಯುಮೋನಿಯಾದ ಲಸಿಕೆಗಳನ್ನು ವಿಚಾರಿಸುವುದು ಅಪರೂಪ; ದುಬಾರಿ ಬೆಲೆಯೂ ಅಡ್ಡಿಯೇ ನಿಜ, ಆದರೆ ಹಿರಿಯರು ಲಸಿಕೆ ಪಡೆಯುವಲ್ಲಿ ನಂಬಿದ ವೈದ್ಯರ ಸಲಹೆಗೆ ಬಹಳ ತೂಕವಿರುವುದರಿಂದ, ಆ ಮೌನವನ್ನು ಸಣ್ಣ ಲೋಪವೆಂದು ಬಿಡಲಾಗದು.