ವೇಷವೂ ಹೊಣೆಯೂ

ಆಟವೆಂಬುದು ಮನುಷ್ಯನಿಗೆ ದೊರೆತ ಅಪೂರ್ವ ಸ್ವಾತಂತ್ರ್ಯ. ಅಲ್ಲಿ ಬಡವನು ಅರಸನಾಗುತ್ತಾನೆ, ಅಂಜುಬುರುಕನು ವೀರನಾಗುತ್ತಾನೆ. ಆದರೆ ಅರಸನ ಪಾತ್ರ ವಹಿಸಿದವನು ಜೊತೆಗಾರನನ್ನು ನಿಜವಾಗಿಯೇ ನೋಯಿಸಿದರೆ ಹೊಣೆ ಯಾರದು? ಪಾತ್ರದ್ದೋ, ಪಾತ್ರಧಾರಿಯದೋ?

1974ರಲ್ಲಿ ಅಮೆರಿಕೆಯ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅವರು 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಪಾತ್ರಾಭಿನಯದ ಆಟವನ್ನು ಪ್ರಕಟಿಸಿದರು. ಅದರಲ್ಲಿ ಕಥೆಯ ಲೋಕವನ್ನು ಕಟ್ಟುವವನೂ ತೀರ್ಪು ಕೊಡುವವನೂ ಒಬ್ಬನೇ. ಇಂಥ ಆಟಗಳಲ್ಲಿ ಅಧಿಕಾರ ಪಡೆದವನು ಇತರರನ್ನು ಪೀಡಿಸಿ, "ನನ್ನ ಪಾತ್ರದ ಸ್ವಭಾವವೇ ಹಾಗೆ" ಎಂದು ಸಮರ್ಥಿಸಿಕೊಳ್ಳುವುದುಂಟು.

ಈ ಸಮರ್ಥನೆಯ ಸತ್ವವನ್ನು ಒರೆಗೆ ಹಚ್ಚಿದ ಘಟನೆಯೊಂದು ಅದಕ್ಕೂ ಮೊದಲೇ, 1971ರ ಆಗಸ್ಟ್ ತಿಂಗಳಿನಲ್ಲಿ, ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ನಡೆಯಿತು. ಮನೋವಿಜ್ಞಾನಿ ಫಿಲಿಪ್ ಜಿಂಬಾರ್ಡೊ ಅವರು ನೆಲಮಾಳಿಗೆಯನ್ನು ಸೆರೆಮನೆಯಂತೆ ಸಜ್ಜುಗೊಳಿಸಿ, ಆಯ್ದ 24 ಮಂದಿ ತರುಣರನ್ನು ಕಾವಲುಗಾರರು, ಕೈದಿಗಳು ಎಂದು ವಿಂಗಡಿಸಿದರು. ದಿನಕ್ಕೆ 15 ಡಾಲರ್ ಸಂಭಾವನೆ, ಎರಡು ವಾರಗಳ ಅವಧಿ. ಕಾವಲುಗಾರರಿಗೆ ಸಮವಸ್ತ್ರ, ದೊಣ್ಣೆ, ಕಣ್ಣು ಮರೆಮಾಡುವ ಕನ್ನಡಕ. ಕೈದಿಗಳಿಗೆ ಹೆಸರಿನ ಬದಲು ಸಂಖ್ಯೆ. ಬಹುಬೇಗ ಕೆಲವು ಕಾವಲುಗಾರರು ಕೈದಿಗಳ ನಿದ್ದೆಗೆಡಿಸಿ, ಅವರನ್ನು ಅವಮಾನಕ್ಕೆ ಗುರಿಮಾಡಿದರು. ಕ್ರಿಸ್ಟಿನಾ ಮಸ್ಲಾಕ್ ಎಂಬ ಯುವ ಸಂಶೋಧಕಿ ಬಂದು ನೋಡಿ ಕಟುವಾಗಿ ಆಕ್ಷೇಪಿಸಿದ ಮೇಲೆ, ಆರೇ ದಿನಗಳಲ್ಲಿ ಪ್ರಯೋಗ ನಿಂತಿತು.

ಅತಿ ಕ್ರೂರನೆನಿಸಿದ್ದ ಕಾವಲುಗಾರನು, ತಾನು ಚಲನಚಿತ್ರವೊಂದರ ಸೆರೆಮನೆ ಅಧಿಕಾರಿಯನ್ನು ಅನುಕರಿಸಿ ನಟಿಸುತ್ತಿದ್ದೆನೆಂದು ಮುಂದೆ ಹೇಳಿಕೊಂಡನು. ಅದನ್ನು ಸುಳ್ಳೆನ್ನಬೇಕಾಗಿಲ್ಲ. ಆದರೆ ಬಯಲಾಟದಲ್ಲಿ ಭೀಮನು ಎಷ್ಟೇ ಆರ್ಭಟಿಸಿ ಗದೆ ಬೀಸಿದರೂ ಕೌರವನ ವೇಷಧಾರಿಯ ತೊಡೆ ಮುರಿಯುವುದಿಲ್ಲ. ಪೆಟ್ಟು ಎಲ್ಲಿ ನಿಲ್ಲಬೇಕೆಂಬುದು ಇಬ್ಬರಿಗೂ ತಿಳಿದಿರುತ್ತದೆ. ಸ್ಟ್ಯಾನ್‌ಫರ್ಡಿನಲ್ಲಿ ಒಬ್ಬನದು ಅಭಿನಯವಾಗಿದ್ದರೂ ಇನ್ನೊಬ್ಬನ ನೋವು ಅಭಿನಯವಾಗಿರಲಿಲ್ಲ.

ಇನ್ನೂ ಗಂಭೀರವಾದ ಸಂಗತಿಯೊಂದುಂಟು. ಆಟವನ್ನು ಹೊರಗೆ ನಿಂತು ಕಾಯಬೇಕಾಗಿದ್ದ ಜಿಂಬಾರ್ಡೊ ಅವರೇ ಸೆರೆಮನೆಯ ಮೇಲಧಿಕಾರಿಯ ವೇಷ ತೊಟ್ಟಿದ್ದರು. ಕಾವಲುಗಾರರಿಗೆ ಬಿಗಿಯಾಗಿ ವರ್ತಿಸುವಂತೆ ಮೇಲಿನಿಂದಲೇ ಪ್ರೇರಣೆಯಿತ್ತೆಂಬುದನ್ನೂ ಅಂದಿನ ದಾಖಲೆಗಳ ಅಧ್ಯಯನ ತೋರಿಸಿದೆ. 2001ರಲ್ಲಿ ಅಲೆಕ್ಸ್ ಹ್ಯಾಸ್ಲಮ್ ಮತ್ತು ಸ್ಟೀಫನ್ ರೈಕರ್ ಅವರು ಇಂಗ್ಲೆಂಡಿನಲ್ಲಿ ಅಂಥದೇ ಪ್ರಯೋಗ ನಡೆಸಿದಾಗ ಕಾವಲುಗಾರರು ಅಧಿಕಾರ ಚಲಾಯಿಸಲು ಹಿಂಜರಿದರು. ಅಲ್ಲಿ ಬೇಕೆಂದಾಗ ಪ್ರಯೋಗವನ್ನು ತಡೆಯಬಲ್ಲ ಸ್ವತಂತ್ರ ಸಮಿತಿಯೂ ಇತ್ತು. ವೇಷ ತೊಟ್ಟ ಮಾತ್ರಕ್ಕೆ ಮನುಷ್ಯನು ಕ್ರೂರಿಯಾಗಲೇಬೇಕೆಂಬ ನಿಯಮವಿಲ್ಲವೆಂಬುದು ಇದರಿಂದ ಸ್ಪಷ್ಟ.

ಶಾಲೆಗಳಲ್ಲಿ ಅಣಕು ಸಂಸತ್ತು, ನಾಟಕ, ತರಗತಿಯ ನಾಯಕತ್ವ ಇವೆಲ್ಲವೂ ಅಧಿಕಾರದ ಮೊದಲ ಪಾಠಗಳು. ಸಭಾಪತಿಯ ಪೀಠದಲ್ಲಿ ಕುಳಿತ ಬಾಲಕನು ತನ್ನ ಪಾತ್ರವನ್ನು ಗಂಭೀರವಾಗಿಯೇ ನಿರ್ವಹಿಸಲಿ. ಆದರೆ ಎದುರಿನ ಮಗುವಿನ ಕಣ್ಣೀರು ನಿಜವಾದಾಗ, ಕೈಯೆತ್ತಿ ಆಟ ನಿಲ್ಲಿಸಲು, ವೇಷ ತೊಡದ ಶಿಕ್ಷಕರೊಬ್ಬರು ಅಲ್ಲಿ ಇರಲೇಬೇಕು.